ಎದೆಯ ಶಸ್ತ್ರಚಿಕಿತ್ಸೆ ಮತ್ತು ಒಳಗಿನ ಅಂಟಿಕೆಗಳು

ಎದೆಯ ಮೇಲಿನ ಹೊಲಿಗೆ ಮಾಗಿದೊಡನೆ ಶಸ್ತ್ರಚಿಕಿತ್ಸೆಯ ಗಾಯ ಸಂಪೂರ್ಣ ವಾಸಿಯಾಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಚರ್ಮದ ಮೇಲೆ ಕಲೆ ಉಳಿಯುವಂತೆ ದೇಹದ ಒಳಗೂ ಕಲೆ ಉಳಿಯುತ್ತದೆ. ಅದು ಎರಡು ಅಂಗಗಳ ನಡುವೆ ಬೆಳೆದು ಅವುಗಳನ್ನು ಬೆಸೆದಾಗ ಅದಕ್ಕೆ 'ಅಂಟಿಕೆ' ಎನ್ನುತ್ತಾರೆ.

ಅಂಟಿಕೆ ಉಂಟಾಗುವ ಬಗೆ

ಶ್ವಾಸಕೋಶಗಳನ್ನು ಪ್ಲೂರಾ ಎಂಬ ಎರಡು ಪದರಗಳ ತೆಳುಪೊರೆಯೂ, ಹೃದಯವನ್ನು ಹೃದಯಾವರಣವೆಂಬ ಚೀಲವೂ ಸುತ್ತುವರಿದಿವೆ. ಪದರಗಳ ನಡುವಣ ಅಲ್ಪ ದ್ರವದಿಂದಾಗಿ ಉಸಿರಾಟವೂ ಹೃದಯದ ಬಡಿತವೂ ಘರ್ಷಣೆಯಿಲ್ಲದೆ ನಡೆಯುತ್ತವೆ. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಈ ನಯವಾದ ಪೊರೆಗೆ ಪೆಟ್ಟಾಗುತ್ತದೆ. ಆಗ ಅಲ್ಲಿ ಫೈಬ್ರಿನ್ ಎಂಬ ಅಂಟು ನಾರು ಸಂಗ್ರಹವಾಗುತ್ತದೆ. ಸಾಮಾನ್ಯವಾಗಿ ದೇಹವೇ ಈ ನಾರನ್ನು ಕೆಲವು ದಿನಗಳಲ್ಲಿ ಕರಗಿಸುತ್ತದೆ. ರಕ್ತ ಒಳಗೆ ಹೆಪ್ಪುಗಟ್ಟಿ ನಿಂತರೆ ಅಥವಾ ಸೋಂಕು ತಗಲಿದರೆ ನಾರು ಪೂರ್ಣ ಕರಗದೆ ಉಳಿದು, ಕ್ರಮೇಣ ಗಟ್ಟಿಯಾದ ಪಟ್ಟಿಯಾಗುತ್ತದೆ.

ಅಪಾಯವೇನು?

ಬಹುತೇಕ ಅಂಟಿಕೆಗಳಿಂದ ಯಾವ ತೊಂದರೆಯೂ ಕಾಣುವುದಿಲ್ಲ. ಅಪಾಯ ಎದುರಾಗುವುದು ಮುಖ್ಯವಾಗಿ ಎರಡನೆಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಯುವಕರಿಗೆ ಅಂಗಾಂಶದಿಂದ ತಯಾರಿಸಿದ ಕವಾಟ ಜೋಡಿಸಿದ್ದರೆ, ಅದು ಸವೆದಾಗ ಮತ್ತೆ ಬದಲಾಯಿಸಬೇಕಾಗಬಹುದು. ಹುಟ್ಟಿನಿಂದಲೇ ಹೃದಯದೋಷವಿರುವ ಕೆಲವು ಮಕ್ಕಳಿಗೂ ಹಲವು ಬಾರಿ ಶಸ್ತ್ರಚಿಕಿತ್ಸೆ ಅಗತ್ಯವಾಗುತ್ತದೆ. ಹೃದಯ ಎದೆಮೂಳೆಯ ಹಿಂಬದಿಗೆ ಅಂಟಿಕೊಂಡಿದ್ದರೆ, ಮೂಳೆ ಕೊಯ್ಯುವಾಗ ಹೃದಯಕ್ಕೋ ದೊಡ್ಡ ರಕ್ತನಾಳಕ್ಕೋ ಗಾಯವಾಗಿ ತೀವ್ರ ರಕ್ತಸ್ರಾವವಾಗುವ ಸಂಭವವಿದೆ. ಪ್ಲೂರಾದಲ್ಲಿ ಕೀವು ಅಥವಾ ರಕ್ತ ಬಹುಕಾಲ ನಿಂತರೆ ಶ್ವಾಸಕೋಶದ ಸುತ್ತ ದಪ್ಪ ಪದರ ಕಟ್ಟಿ, ಅದು ಹಿಗ್ಗಲಾರದಂತಾಗುತ್ತದೆ.

ವೈದ್ಯರು ಕೈಗೊಳ್ಳುವ ಕ್ರಮಗಳು

ಅಂಟಿಕೆಗಳನ್ನು ಸಂಪೂರ್ಣವಾಗಿ ತಡೆಯುವ ವಿಧಾನ ಇನ್ನೂ ಇಲ್ಲ; ಕಡಿಮೆ ಮಾಡಲು ಯತ್ನಿಸಬಹುದು. ಅಂಗಾಂಶಗಳನ್ನು ಮೃದುವಾಗಿ ನಿರ್ವಹಿಸುವುದು, ಅವು ಒಣಗದಂತೆ ನೋಡಿಕೊಳ್ಳುವುದು, ಸಂಗ್ರಹವಾದ ರಕ್ತವನ್ನು ತೊಳೆದು ನಳಿಕೆಯ ಮೂಲಕ ಹೊರತೆಗೆಯುವುದು ಇವುಗಳಲ್ಲಿ ಮುಖ್ಯವಾದವು. ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಕಂಡಲ್ಲಿ ಹೃದಯಕ್ಕೂ ಎದೆಮೂಳೆಗೂ ನಡುವೆ ಕೃತಕ ಪೊರೆಯನ್ನು ಇರಿಸುವುದೂ ಉಂಟು. ಕೈಗವಸುಗಳಿಗೆ ಸವರುವ ಪುಡಿಯೂ ಅಂಟಿಕೆಗೆ ಕಾರಣವಾಗಬಲ್ಲದು. ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿ ಸವರಿದ ಕೈಗವಸುಗಳನ್ನು ನಿಷೇಧಿಸಲು ಇದೂ ಒಂದು ಕಾರಣ.

ರೋಗಿ ಮತ್ತು ಮನೆಯವರ ಪಾತ್ರ

ನೋವಿನ ಭಯದಿಂದ ರೋಗಿ ಅಲುಗಾಡದೆ ಮಲಗಿರುವುದು, "ಆಪರೇಷನ್ ಆದವರು ಏಳಬಾರದು" ಎಂದು ಮನೆಯವರು ತಡೆಯುವುದು ಸಾಮಾನ್ಯ. ಇದು ಹಿತವಲ್ಲ. ವೈದ್ಯರು ಅನುಮತಿಸಿದೊಡನೆ ಎದ್ದು ಕೂರಬೇಕು, ನಡೆಯಬೇಕು. ಹೇಳಿಕೊಟ್ಟಂತೆ ದೀರ್ಘವಾಗಿ ಉಸಿರೆಳೆಯಬೇಕು. ಕೆಮ್ಮುವಾಗ ಎದೆಗೆ ದಿಂಬನ್ನು ಒತ್ತಿ ಹಿಡಿದರೆ ನೋವು ಕಡಿಮೆಯಾಗುತ್ತದೆ. ಈ ಅಭ್ಯಾಸಗಳು ಅಂಟಿಕೆಯನ್ನು ಕರಗಿಸುವುದಿಲ್ಲವಾದರೂ ಶ್ವಾಸಕೋಶ ಪೂರ್ಣವಾಗಿ ಹಿಗ್ಗಲು, ಕಫ ಕಟ್ಟದಿರಲು ನೆರವಾಗುತ್ತವೆ. ನೋವು ಹೆಚ್ಚಾಗಿದ್ದರೆ ಸಹಿಸಿಕೊಂಡು ಸುಮ್ಮನಿರದೆ ವೈದ್ಯರಿಗೆ ತಿಳಿಸಬೇಕು. ರಕ್ತ ಹೊರಹೋಗುವ ನಳಿಕೆ ಮಡಚದಂತೆಯೂ, ಅದರ ಬಾಟಲಿ ಎದೆಯ ಮಟ್ಟಕ್ಕಿಂತ ಕೆಳಗಿರುವಂತೆಯೂ ಎಚ್ಚರ ವಹಿಸಬೇಕು. ಬೀಡಿ, ಸಿಗರೇಟುಗಳನ್ನು ತ್ಯಜಿಸಬೇಕು.

ಮನೆಗೆ ಮರಳಿದ ಮೇಲೆ ಜ್ವರ, ಹೆಚ್ಚುತ್ತಿರುವ ಉಸಿರಾಟದ ತೊಂದರೆ ಅಥವಾ ಗಾಯದಲ್ಲಿ ಕೀವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಲಿತ ಅಂಟಿಕೆಯನ್ನು ಕರಗಿಸುತ್ತೇವೆಂಬ ಎಣ್ಣೆ, ಲೇಪನ, ಮಾತ್ರೆಗಳ ಜಾಹೀರಾತಿಗೆ ಮರುಳಾಗಬಾರದು.

ದಾಖಲೆಗಳನ್ನು ಕಾಪಾಡಿ

ಒಂದು ಊರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ವರ್ಗಾವಣೆಯಿಂದಲೋ ಉದ್ಯೋಗದಿಂದಲೋ ಮತ್ತೊಂದು ಊರಿಗೆ ಹೋದ ಕುಟುಂಬಗಳು ಅನೇಕ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನೀಡಿದ ಸಾರಾಂಶಪತ್ರವನ್ನು ಎಂದಿಗೂ ಎಸೆಯಬಾರದು. ಯಾವ ಶಸ್ತ್ರಚಿಕಿತ್ಸೆ, ಯಾವ ವರ್ಷ, ಯಾವ ಕವಾಟ ಎಂಬುದನ್ನು ಹೊಸ ವೈದ್ಯರು ಮುಂಚಿತವಾಗಿ ತಿಳಿದರೆ ಸಿ.ಟಿ. ಸ್ಕ್ಯಾನ್ ಮೂಲಕ ಹೃದಯ ಎದೆಮೂಳೆಗೆ ಎಷ್ಟು ಸಮೀಪದಲ್ಲಿದೆ ಎಂಬುದನ್ನು ಪರೀಕ್ಷಿಸಿ, ತಕ್ಕ ಸಿದ್ಧತೆ ಮಾಡಿಕೊಳ್ಳಬಲ್ಲರು. ಹತ್ತಾರು ವರ್ಷಗಳ ಹಿಂದಿನ ಒಂದು ಹಾಳೆ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿಸಲು ನೆರವಾಗಬಹುದು.