ಮೋಟಾರು ವಾಹನದ ಎಂಜಿನು: ಕೆಡುವಿಕೆ ಮತ್ತು ಸಂರಕ್ಷಣೆ

ಮೋಟಾರು ವಾಹನದ ಇತಿಹಾಸದಷ್ಟೇ ಅದರ ಕೆಡುವಿಕೆಯ ಇತಿಹಾಸವೂ ಹಳೆಯದು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ವಾಹನಕ್ಕೆ 1886ರಲ್ಲಿ ಪೇಟೆಂಟು ಪಡೆದನು. 1888ರ ಆಗಸ್ಟ್ ತಿಂಗಳಿನಲ್ಲಿ ಆತನ ಪತ್ನಿ ಬರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳೊಡನೆ ಅಂಥದೇ ವಾಹನದಲ್ಲಿ ಮಾನ್‌ಹೈಮ್ ನಗರದಿಂದ ಫೋರ್ಜ್‌ಹೈಮಿಗೆ ನೂರಕ್ಕೂ ಮಿಕ್ಕ ಕಿಲೋಮೀಟರು ಪ್ರಯಾಣ ಮಾಡಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳೆಂದೂ, ಸವೆದ ಬ್ರೇಕಿಗೆ ತೊಗಲು ಹೊದಿಸಿಕೊಂಡಳೆಂದೂ, ತಂಪಿನ ನೀರು ಆವಿಯಾಗುತ್ತಿದ್ದುದರಿಂದ ಸಿಕ್ಕಸಿಕ್ಕಲ್ಲಿ ನೀರು ತುಂಬಿಸುತ್ತ ಸಾಗಿದಳೆಂದೂ ಹೇಳಲಾಗಿದೆ. ಇಂಧನ, ಘರ್ಷಣೆ, ಉಷ್ಣ ಇವು ಮೂರೂ ಅಂದು ಆಕೆಯನ್ನು ಕಾಡಿದ ತೊಂದರೆಗಳು. ಇಂದಿನ ವಾಹನಗಳ ತೊಂದರೆಗಳಲ್ಲಿಯೂ ಹೆಚ್ಚಿನವು ಈ ಮೂರರ ಸಂತತಿಯೇ ಆಗಿವೆ.

ಎಂಜಿನು ಹೊರುವ ಭಾರ ಎಷ್ಟೆಂಬುದನ್ನು ಮೊದಲು ಅರಿಯಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ ನೂರು ಸಲ ಮೇಲಕ್ಕೋ ಕೆಳಕ್ಕೋ ಚಲಿಸುತ್ತದೆ. ಇಂಧನ ಉರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆದರೆ ಪಿಸ್ಟನ್ನುಗಳಿಗೆ ಬಳಸುವ ಅಲ್ಯೂಮಿನಿಯಂ ಲೋಹ ಸುಮಾರು 660 ಡಿಗ್ರಿಯಲ್ಲಿಯೇ ಕರಗುತ್ತದೆ! ಹೀಗಿದ್ದೂ ಎಂಜಿನು ವರ್ಷಗಟ್ಟಲೆ ಬಾಳುವುದು ಇಬ್ಬರು ಕಾವಲುಗಾರರಿಂದ. ಒಬ್ಬನು ಕೀಲೆಣ್ಣೆ, ಇನ್ನೊಬ್ಬನು ತಂಪಿನ ದ್ರವ.

ಕೀಲೆಣ್ಣೆಯು ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಬೇರಿಂಗು ಮತ್ತು ಪಿಸ್ಟನ್ನುಗಳ ಶಾಖವನ್ನು ಹೊತ್ತೊಯ್ಯುತ್ತದೆ. ಮಸಿಯನ್ನೂ ಆಮ್ಲಗಳನ್ನೂ ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಅದು ತಾನೇ ಸತ್ವಹೀನವಾಗುತ್ತದೆ. ವಾಹನವನ್ನು ಅಪರೂಪಕ್ಕೆ ಬಳಸುವವರು, ವಿಶೇಷವಾಗಿ ನಿವೃತ್ತರು, "ನಮ್ಮ ಗಾಡಿ ಓಡಿದ್ದೇ ಇಲ್ಲ, ಎಣ್ಣೆ ಏಕೆ ಬದಲಿಸಬೇಕು?" ಎನ್ನುವುದುಂಟು. ಇದು ತಪ್ಪು ತಿಳಿವಳಿಕೆ. ಸಮೀಪದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎಂಜಿನು ಪೂರ್ಣ ಕಾಯುವುದಿಲ್ಲ. ದಹನದಿಂದ ಹುಟ್ಟಿದ ನೀರಿನಂಶ ಆವಿಯಾಗಿ ಹೋಗದೆ ಎಣ್ಣೆಯಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ತಯಾರಕರು ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು, ಎಂದು ಅವಧಿಯನ್ನು ಗೊತ್ತುಪಡಿಸುತ್ತಾರೆ.

ತಂಪಿನ ದ್ರವದ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಹೆಚ್ಚು. ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನೇ ಸುರಿಯುವ ರೂಢಿ ನಮ್ಮ ಸೀಮೆಯಲ್ಲಿ ಉಂಟು. ನೀರು ಗಡಸಾಗಿದ್ದರೆ ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟಿ ಶಾಖದ ಹಾದಿಯನ್ನು ಮುಚ್ಚುತ್ತದೆ. ತಯಾರಕರು ಸೂಚಿಸಿದ ದ್ರವವು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನು ಏರಿಸುತ್ತದೆ. ಮುಚ್ಚಳದೊಳಗಿನ ಒತ್ತಡದ ಕಾರಣ ಒಳಗಿನ ದ್ರವ 100 ಡಿಗ್ರಿಯನ್ನು ದಾಟಿಯೂ ಕುದಿಯದೆ ನಿಂತಿರುತ್ತದೆ. ಬಿಸಿ ಇರುವಾಗ ಮುಚ್ಚಳ ತೆರೆದರೆ ಒತ್ತಡ ತಟ್ಟನೆ ಇಳಿದು, ದ್ರವವು ಆವಿಯಾಗಿ ಚಿಮ್ಮಿ ಮುಖ ಕೈಗಳನ್ನು ಸುಡುತ್ತದೆ. ಆರುವವರೆಗೆ ಕಾಯದೆ ಅದನ್ನು ಮುಟ್ಟಲೇಬಾರದು.

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ, ಅಸ್ವಸ್ಥರಾಗಿದ್ದ ನನ್ನ ತಂದೆಯವರನ್ನು ರಾತ್ರಿ ವೇಳೆ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. "ಇನ್ನು ಏಳೆಂಟು ಕಿಲೋಮೀಟರು ತಾನೆ" ಎಂದು ಮುಂದುವರಿದೆ. ಎರಡು ಕಿಲೋಮೀಟರಿನೊಳಗೆ ಎಂಜಿನು ನಿಂತುಹೋಯಿತು. ಹಾಲಿನ ವಾಹನವೊಂದು ಬರುವವರೆಗಿನ ಮುಕ್ಕಾಲು ಗಂಟೆ ತಂದೆಯವರ ಉಸಿರನ್ನು ಎಣಿಸುತ್ತ ಕುಳಿತಿದ್ದೆ. ಅವರು ಉಳಿದುಕೊಂಡರು, ಅದು ನನ್ನ ಪುಣ್ಯ. ಮರುದಿನ ನೋಡಿದರೆ ಸೀಳಿದ್ದುದು ರಬ್ಬರಿನ ಒಂದು ಕೊಳವೆ. ಅದರ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಅತಿಶಾಖದಿಂದ ಸಿಲಿಂಡರಿನ ತಲೆಭಾಗ ಸೊಟ್ಟಗಾಗಿ, ರಿಪೇರಿಗೆ ಅದರ ಹತ್ತಾರು ಪಟ್ಟು ಹಣ ತೆರಬೇಕಾಯಿತು. ಆ ಕೊಳವೆ ಬಿರುಕುಬಿಟ್ಟಿದೆಯೆಂದು ಮೆಕ್ಯಾನಿಕನು ಎರಡು ತಿಂಗಳ ಮೊದಲೇ ತಿಳಿಸಿದ್ದನು. ಮುಂದೂಡಿದವನು ನಾನು.

ಹಾಗಾದರೆ ಎಲ್ಲ ಭಾಗಗಳನ್ನೂ ಕಾಲಕಾಲಕ್ಕೆ ಬದಲಿಸುತ್ತಿರಬೇಕೆ? ಬೇಕಿಲ್ಲ. ಅಮೆರಿಕದ ವಿಮಾನಯಾನ ತಜ್ಞರಾದ ನೌಲನ್ ಮತ್ತು ಹೀಪ್ ಎಂಬವರು 1978ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಿಮಾನದ ಬಹುಪಾಲು ಭಾಗಗಳ ವೈಫಲ್ಯಕ್ಕೂ ಅವುಗಳ ವಯಸ್ಸಿಗೂ ನೇರ ಸಂಬಂಧವಿಲ್ಲವೆಂದು ತೋರಿಸಿದರು. ಈ ವಿವೇಕ ಕಾರಿಗೂ ಸಲ್ಲುತ್ತದೆ. ಎಣ್ಣೆ, ಸೋಸುಕ, ಕವಾಟಗಳನ್ನು ನಡೆಸುವ ರಬ್ಬರಿನ ಟೈಮಿಂಗ್ ಬೆಲ್ಟು ಇವನ್ನು ಅವಧಿಗೆ ಸರಿಯಾಗಿ ಬದಲಿಸಬೇಕು. ಬೆಲ್ಟು ಹರಿದರೆ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿದು ಎರಡೂ ಹಾಳಾಗುತ್ತವೆ. ಟೈರು, ಬ್ರೇಕು, ಕೊಳವೆ, ಬ್ಯಾಟರಿ ಇವುಗಳನ್ನು ಆಗಾಗ ಪರೀಕ್ಷಿಸಿ, ಸ್ಥಿತಿಯನ್ನು ನೋಡಿ ನಿರ್ಧರಿಸಬೇಕು.

ಎಂಜಿನು ತನ್ನ ಬೇನೆಯನ್ನು ಮುಂಚೆಯೇ ಸೂಚಿಸುತ್ತದೆ. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಎಂಜಿನು ಕಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ತಂಪಿನ ದ್ರವ ಒಳಗೆ ಸೋರುತ್ತಿರಬಹುದು. ಎಣ್ಣೆಯ ಒತ್ತಡದ ಕೆಂಪು ದೀಪ ಹತ್ತಿದರೆ ಕೂಡಲೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನನ್ನು ಆರಿಸಬೇಕು.

ವಾರಕ್ಕೊಮ್ಮೆ, ಎಂಜಿನು ತಣ್ಣಗಿರುವಾಗ, ಎಣ್ಣೆಯ ಮಟ್ಟ, ದ್ರವದ ಮಟ್ಟ, ಟೈರಿನ ಗಾಳಿ, ನೆಲದ ಮೇಲಿನ ಸೋರಿಕೆಯ ಕಲೆ ಇಷ್ಟನ್ನು ನೋಡಲು ಐದು ನಿಮಿಷ ಸಾಕು. ಮಾಡಿಸಿದ ಕೆಲಸಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ನನ್ನ ವಾಹನದಲ್ಲಿ ಅಂಥ ಪುಸ್ತಕವೊಂದು ಈಗ ಇದೆ. ಅದರ ಮೊದಲ ಪುಟದಲ್ಲಿ ಬರೆದಿರುವುದು ಆ ರಬ್ಬರಿನ ಕೊಳವೆಯ ಬೆಲೆ.