ಜೇನುತುಪ್ಪದ ಶುಚಿತ್ವ ಮತ್ತು ಸಣ್ಣ ಉತ್ಪಾದಕನ ಶಿಕ್ಷಣ

ಪಾತ್ರೆಯನ್ನು ತೊಳೆದರೆ ಶುಚಿಯಾಯಿತೆಂಬುದು ಸಾಮಾನ್ಯ ಭಾವನೆ. ಜೇನುತುಪ್ಪದ ವಿಷಯದಲ್ಲಿ ಇಷ್ಟು ಸಾಲದು. ತೊಳೆದ ಪಾತ್ರೆಯಲ್ಲಿ ಉಳಿದ ನೀರೇ ಅದನ್ನು ಕೆಡಿಸಬಲ್ಲದು. ತೇವಾಂಶವು ಶೇಕಡಾ 20ನ್ನು ಮೀರಿದರೆ, ಜೇನಿನಲ್ಲಿ ಸಹಜವಾಗಿರುವ ಯೀಸ್ಟುಗಳು ವೃದ್ಧಿಹೊಂದಿ ಅದು ಹುಳಿಯುವ ಸಂಭವವುಂಟು. ನಮ್ಮ ಆಹಾರ ನಿಯಮಗಳು ವಿಧಿಸಿರುವ ಮಿತಿಯೂ ಇದೇ. ಆದುದರಿಂದ ಮೇಣದ ಮುಚ್ಚಳ ಕೂಡದ ಎರಿಯಿಂದ ಜೇನು ತೆಗೆಯಬಾರದು. ಪಾತ್ರೆ, ಸೋಸುವ ಬಟ್ಟೆ, ಸೀಸೆಗಳು ಪೂರ್ಣವಾಗಿ ಒಣಗಿರಬೇಕು.

ಬಾಳೆಹೊಸೂರಿನಂತಹ ಗ್ರಾಮದಲ್ಲಿ ನಾಲ್ಕು ಪೆಟ್ಟಿಗೆಗಳನ್ನಿಟ್ಟವನಿಗೆ ಒಂದು ಡಬ್ಬಿ ಹುಳಿತರೆ ಋತುವಿನ ದುಡಿಮೆಯೇ ನಷ್ಟ. ಸೀಸೆಗೆ ತುಂಬಿ ಮಾರುವವನು 2006ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ ನೋಂದಣಿಯನ್ನೂ ಪಡೆಯಬೇಕು. ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ‘ಫೋಸ್ಟ್ಯಾಕ್’ ಎಂಬ ತರಬೇತಿಯನ್ನು ಆರಂಭಿಸಿತು. ಇಂತಹ ಪಾಠವು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದ ಮೂಲಕ, ಕನ್ನಡದಲ್ಲಿ, ಪೆಟ್ಟಿಗೆಯ ಬಳಿಯಲ್ಲಿಯೇ ದೊರೆತರೆ ಪ್ರಯೋಜನವು ಹೆಚ್ಚು.