ಎಂಜಿನ್ ಬಂತು, ನೀರು ಬಂತೇ?

1940ರ ನವೆಂಬರ್ 14ರ ರಾತ್ರಿ. ಇಂಗ್ಲೆಂಡಿನ ಕೈಗಾರಿಕಾ ನಗರ ಕವೆಂಟ್ರಿಯ ಮೇಲೆ ಜರ್ಮನಿಯ ವಿಮಾನಗಳು ಬೆಂಕಿಬಾಂಬುಗಳನ್ನು ಸುರಿಸುತ್ತಿದ್ದವು. ಮಧ್ಯಯುಗದಲ್ಲಿ ಕಟ್ಟಿದ ಸೇಂಟ್ ಮೈಕೆಲ್ ಕೆಥೆಡ್ರಲ್‌ನ ಚಾವಣಿಗೆ ಬೆಂಕಿ ಹತ್ತಿತು. ಸುಮಾರು 20 ಕಿ.ಮೀ. ದೂರದ ಸಾಲಿಹಲ್ ಪಟ್ಟಣದ ಅಗ್ನಿಶಾಮಕ ದಳ ನೆರವಿಗೆ ಧಾವಿಸಿತು. ಹೋಸ್ ಬಿಡಿಸಿ ಹೈಡ್ರಂಟಿಗೆ ಜೋಡಿಸಿ ನೀರು ಹಾಯಿಸತೊಡಗಿತು. ಆದರೆ ಸ್ವಲ್ಪ ಹೊತ್ತಿನಲ್ಲೇ ನೀರು ನಿಂತುಹೋಯಿತು. ನೆಲದಡಿಯ ಮುಖ್ಯ ಕೊಳವೆಗಳು ಬಾಂಬಿನ ಹೊಡೆತಕ್ಕೆ ಒಡೆದಿದ್ದವು. ಬೆಳಗಾಗುವಷ್ಟರಲ್ಲಿ ಗೋಪುರ ಮತ್ತು ಹೊರಗೋಡೆಗಳು ಮಾತ್ರ ಉಳಿದಿದ್ದವು. ಆ ಒಂದೇ ದಾಳಿಯಲ್ಲಿ ನಗರದ 500ಕ್ಕೂ ಹೆಚ್ಚು ಜನ ಸತ್ತರು.

ದಳ ಬಂದಿತ್ತು, ಎಂಜಿನ್ ಇತ್ತು, ಧೈರ್ಯಕ್ಕೂ ಕೊರತೆ ಇರಲಿಲ್ಲ. ಹಾಗಾದರೆ ಅಗ್ನಿಶಾಮಕ ದಳದ ‘ಸಿದ್ಧತೆ’ ಎಂದರೇನು? ಅದನ್ನು ಪರೀಕ್ಷಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನಾವು ತರಗತಿಯಲ್ಲಿ ಓದುವ ವಾಯುಭಾರ, ಘರ್ಷಣೆ ಮತ್ತು ದ್ರವಗಳ ಹರಿವಿಗೇ ಬಂದು ನಿಲ್ಲುತ್ತೇವೆ.

ಊರಿಗೊಂದು ದಳ

ಯುದ್ಧಕ್ಕೆ ಮೊದಲು ಬ್ರಿಟನ್ನಿನಲ್ಲಿ ಸುಮಾರು 1,600 ಅಗ್ನಿಶಾಮಕ ದಳಗಳಿದ್ದವು. ದೊಡ್ಡ ನಗರಗಳಲ್ಲಿ ಪೂರ್ಣಾವಧಿ ಸಿಬ್ಬಂದಿ ಇದ್ದರು. ಸಣ್ಣ ಪಟ್ಟಣಗಳಲ್ಲಿ ಕರೆಗಂಟೆ ಕೇಳಿದೊಡನೆ ತಮ್ಮ ಕಸುಬು ಬಿಟ್ಟು ಓಡಿಬರುವ ಅರೆಕಾಲಿಕರೇ ಹೆಚ್ಚು. 1938ರ ಅಗ್ನಿಶಾಮಕ ದಳಗಳ ಕಾಯಿದೆ ಈ ಸೇವೆಯನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿತು; ಸಂಸ್ಥೆಗಳು ಅದನ್ನು ಹೇಗೆ ನಿರ್ವಹಿಸುತ್ತಿವೆ ಎಂದು ನೋಡಲು ಸರ್ಕಾರ ತನಿಖಾಧಿಕಾರಿಗಳನ್ನು ನೇಮಿಸಲು ಅವಕಾಶ ನೀಡಿತು. ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್ ಪಂಪುಗಳೂ ಸ್ವಯಂಸೇವಕರ ಸಹಾಯಕ ದಳಗಳೂ ಬಂದವು.

ನೀವೇ ಅಂಥ ತನಿಖಾಧಿಕಾರಿ ಎಂದುಕೊಳ್ಳಿ. ಪುಟ್ಟ ಪಟ್ಟಣವೊಂದರ ಠಾಣೆಗೆ ಹೋಗಿದ್ದೀರಿ. ಹಿತ್ತಾಳೆಯ ಭಾಗಗಳು ಫಳಫಳ ಹೊಳೆಯುತ್ತಿವೆ. ಅಷ್ಟಕ್ಕೆ ತೃಪ್ತರಾಗಬೇಡಿ. ನಾಲ್ಕು ಪ್ರಶ್ನೆ ಕೇಳಿ.

1. ಪಂಪು ಎಷ್ಟು ಆಳದಿಂದ ನೀರೆತ್ತುತ್ತದೆ?

ಹೈಡ್ರಂಟ್ ಬತ್ತಿದರೆ ನದಿ, ಕೆರೆಗಳೇ ಗತಿ. ಪಂಪು ನೀರನ್ನು ‘ಎಳೆಯುತ್ತದೆ’ ಎಂದು ನಾವು ಹೇಳುವುದುಂಟು. ನಿಜವಾಗಿ ಅದು ಹೀರುಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಭಾರ. ಸಮುದ್ರ ಮಟ್ಟದಲ್ಲಿ ವಾಯುಭಾರ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಆದ್ದರಿಂದ ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಈ ಮಿತಿಯನ್ನು ಮೀರಲಾಗದು. ಘರ್ಷಣೆ ಮತ್ತು ನೀರಿನ ಆವಿಯ ಒತ್ತಡದ ಕಾರಣ ವ್ಯವಹಾರದಲ್ಲಿ 7ರಿಂದ 8 ಮೀಟರ್ ಎತ್ತಿದರೆ ಹೆಚ್ಚು.

1940ರ ಡಿಸೆಂಬರ್ 29ರಂದು ಲಂಡನ್ ಹೊತ್ತಿ ಉರಿದಾಗ ಥೇಮ್ಸ್ ನದಿಯಲ್ಲಿ ಭಾರಿ ಇಳಿತವಿತ್ತು. ನೀರು ದಡದಿಂದ ದೂರ, ತೀರಾ ಕೆಳಕ್ಕೆ ಸರಿದಿತ್ತು. ನದಿ ಕಣ್ಣೆದುರೇ ಇದ್ದರೂ ಅದರ ನೀರು ಪಂಪಿಗೆ ದಕ್ಕುವುದು ಕಷ್ಟವಾಯಿತು.

ಇಲ್ಲಿ ಸುಲಭವಾದ ಪರೀಕ್ಷೆಯೊಂದಿದೆ. ಹೀರುಕೊಳವೆಯ ತುದಿಗೆ ಮುಚ್ಚಳ ಹಾಕಿ, ಪಂಪು ನಡೆಸಿ, ಒಳಗೆ ನಿರ್ವಾತ ಉಂಟುಮಾಡಿ ಪಂಪನ್ನು ನಿಲ್ಲಿಸಿ. ಮಾಪಕದ ಮುಳ್ಳು ಬೇಗನೆ ಹಿಂದಕ್ಕೆ ಬಂದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಒಂದು ಸವೆದ ರಬ್ಬರ್ ವಾಷರ್ ಇಡೀ ಪಂಪನ್ನು ನಿರುಪಯುಕ್ತಗೊಳಿಸಬಲ್ಲದು.

2. ಹೋಸ್‌ನ ಕೊನೆಗೆ ಎಷ್ಟು ತಲುಪುತ್ತದೆ?

ನೀರು ಹೋಸ್‌ನಲ್ಲಿ ರಭಸವಾಗಿ ಹರಿಯುವಾಗ ಘರ್ಷಣೆಯಿಂದ ಒತ್ತಡ ಕುಸಿಯುತ್ತದೆ. ಆ ನಷ್ಟದ ನಿಯಮ ಸ್ಥೂಲವಾಗಿ ಹೀಗಿದೆ:

ಒತ್ತಡದ ನಷ್ಟ ∝ (ಉದ್ದ × ಹರಿವು²) ÷ ವ್ಯಾಸ⁵

ಹರಿವು ಇಮ್ಮಡಿಯಾದರೆ ನಷ್ಟ ನಾಲ್ಕು ಪಟ್ಟು. ಹರಿವು ಅಷ್ಟೇ ಇದ್ದು ವ್ಯಾಸ ಅರ್ಧವಾದರೆ ನಷ್ಟ 32 ಪಟ್ಟು! 63 ಮಿ.ಮೀ. ವ್ಯಾಸದ ಹೋಸ್‌ನಲ್ಲಿ ನಿಮಿಷಕ್ಕೆ 500 ಲೀಟರ್ ಹರಿದರೆ ಪ್ರತಿ 100 ಮೀಟರಿಗೆ ಸುಮಾರು 1.1 ಬಾರ್ ನಷ್ಟವಾಗುತ್ತದೆ. 1,000 ಲೀಟರ್ ಹರಿಸಲು ಹೋದರೆ ನಷ್ಟ ಸುಮಾರು 4.5 ಬಾರ್. ಪಂಪು ಕೊಡುವ ಒತ್ತಡ 7 ಬಾರ್ ಎಂದುಕೊಳ್ಳಿ. 200 ಮೀಟರ್ ಆಚೆಯ ಬೆಂಕಿಗೆ ಒಂದೇ ಹೋಸ್‌ನಲ್ಲಿ 1,000 ಲೀಟರ್ ಕಳುಹಿಸಲು ಘರ್ಷಣೆಗೇ 9 ಬಾರ್ ಬೇಕು, ಅದು ಸಾಧ್ಯವಿಲ್ಲ. ಅದೇ ಎರಡು ಹೋಸ್‌ಗಳನ್ನು ಸಮಾಂತರವಾಗಿ ಹಾಸಿ ಒಂದೊಂದರಲ್ಲಿ 500 ಲೀಟರ್ ಹರಿಸಿದರೆ ಘರ್ಷಣೆಗೆ ಸುಮಾರು 2.2 ಬಾರ್ ಸಾಕು, ಉಳಿದ ಒತ್ತಡ ನಾಜಲಿಗೆ ಸಿಗುತ್ತದೆ. ದೂರ ಇನ್ನೂ ಹೆಚ್ಚಿದ್ದರೆ ನಡುವೆ ಮತ್ತೊಂದು ಪಂಪನ್ನು ನಿಲ್ಲಿಸಬೇಕು.

ಆದ್ದರಿಂದ ಎಷ್ಟು ಮೀಟರ್ ಹೋಸ್ ಇದೆ ಎಂಬ ಲೆಕ್ಕವೊಂದೇ ಸಾಲದು. ಹೋಸ್ ಪೂರ್ತಿ ಬಿಡಿಸಿ ನೀರು ಹಾಯಿಸಿ, ನಾಜಲಿನ ಬಳಿ ಒತ್ತಡವನ್ನು ಅಳೆಯಬೇಕು.

3. ನೀರು ಎಷ್ಟು ಹೊತ್ತಿಗೆ ಸಾಕು?

ಒಂದು ಲೀಟರ್ ನೀರು ಸಾಮಾನ್ಯ ತಾಪದಿಂದ ಕುದಿದು ಪೂರ್ತಿ ಆವಿಯಾಗಲು ಸುಮಾರು 2.6 ಮೆಗಾಜೂಲ್ ಶಾಖವನ್ನು ಹೀರುತ್ತದೆ. ಒಂದು ಕಿಲೋಗ್ರಾಂ ಒಣಮರ ಉರಿದರೆ ಸುಮಾರು 16 ಮೆಗಾಜೂಲ್ ಬಿಡುಗಡೆಯಾಗುತ್ತದೆ. ಅಂದರೆ ಒಂದು ಹನಿಯೂ ವ್ಯರ್ಥವಾಗದಿದ್ದರೂ, ಕಿಲೋಗ್ರಾಂ ಮರದ ಶಾಖವನ್ನೆಲ್ಲ ಹೀರಲು 6 ಲೀಟರ್ ನೀರು ಬೇಕು. ನಿಜವಾದ ಬೆಂಕಿಯಲ್ಲಿ ಬಹುಪಾಲು ನೀರು ಆವಿಯಾಗದೆ ಹರಿದುಹೋಗುತ್ತದೆ.

ಮುಖ್ಯ ಕೊಳವೆಗಳು ಒಡೆಯುತ್ತವೆ ಎಂಬ ಅರಿವಿನಿಂದ ಬ್ರಿಟನ್ನಿನ ಬೀದಿಗಳಲ್ಲಿ 5,000 ಗ್ಯಾಲನ್ (ಸುಮಾರು 22,700 ಲೀಟರ್) ಹಿಡಿಸುವ ಉಕ್ಕಿನ ತೊಟ್ಟಿಗಳನ್ನು ಇಟ್ಟರು. ಬಾಂಬಿಗೆ ಬಿದ್ದ ಕಟ್ಟಡಗಳ ನೆಲಮಾಳಿಗೆಗಳನ್ನೂ ನೀರಿನ ಕೊಳಗಳನ್ನಾಗಿ ಮಾಡಿದರು. ತೊಟ್ಟಿ ದೊಡ್ಡದೆಂದು ತೋರುತ್ತದಲ್ಲವೇ? ನಿಮಿಷಕ್ಕೆ 500 ಗ್ಯಾಲನ್ ಎತ್ತುವ ಪಂಪು ಅದನ್ನು ಹತ್ತೇ ನಿಮಿಷದಲ್ಲಿ ಬರಿದು ಮಾಡುತ್ತದೆ. ಆ ಹತ್ತು ನಿಮಿಷದೊಳಗೆ ಮುಂದಿನ ಆಸರೆ ಯಾವುದೆಂದು ದಳಕ್ಕೆ ತಿಳಿದಿರಬೇಕು.

4. ಪಕ್ಕದ ಊರಿನ ಹೋಸ್ ಕೂಡುತ್ತದೆಯೇ?

ಪ್ರತಿ ದಳವೂ ತನ್ನ ಊರಿನ ಮಟ್ಟಿಗೆ ಸಮರ್ಥವಾಗಿದ್ದಿರಬಹುದು. ಆದರೆ ವಿಮಾನದಾಳಿಯ ಬೆಂಕಿಯನ್ನು ಒಂದು ಊರಿನ ದಳ ಆರಿಸಲಾರದು, ಸುತ್ತಲಿನವರು ಬರಬೇಕು. ಹೋಸ್‌ಗಳ ಜೋಡಣೆಯೋ ಊರಿಗೊಂದು ಬಗೆ! ಕೆಲವು ತಿರುಪಿನವು, ತಿರುಪಿನ ಸುತ್ತುಗಳ ಅಳತೆಯೂ ಬೇರೆ ಬೇರೆ. ನೆರವಿಗೆ ಬಂದ ದಳದ ಹೋಸ್ ಅಲ್ಲಿನ ಹೈಡ್ರಂಟಿಗೆ ಕೂಡದ ಪ್ರಸಂಗಗಳು ನಡೆದವು. ತಮ್ಮ ಠಾಣೆಯಲ್ಲಿ ಒಂಟಿಯಾಗಿ ಪರೀಕ್ಷಿಸಿದಾಗ ಅವೆಲ್ಲ ಉತ್ತೀರ್ಣವಾಗಿದ್ದ ಉಪಕರಣಗಳೇ. ದೋಷವಿದ್ದದ್ದು ಎರಡು ಊರುಗಳ ನಡುವಿನ ಕೊಂಡಿಯಲ್ಲಿ.

1941ರ ಆಗಸ್ಟ್‌ನಲ್ಲಿ ಎಲ್ಲ ದಳಗಳನ್ನೂ ಒಂದುಗೂಡಿಸಿ ರಾಷ್ಟ್ರೀಯ ಅಗ್ನಿಶಾಮಕ ಸೇವೆಯನ್ನು ರಚಿಸಲಾಯಿತು. ಒಂದೇ ತೆರನಾದ ಜೋಡಣೆ, ಒಂದೇ ಬಗೆಯ ತರಬೇತಿ ಬಂದವು. ತಿರುಪಿಲ್ಲದೆ, ಒತ್ತಿದೊಡನೆ ಸ್ಪ್ರಿಂಗ್‌ನಿಂದ ಕಚ್ಚಿಕೊಳ್ಳುವ ಜೋಡಣೆ ಮಾನಕವಾಯಿತು. ಇದರಲ್ಲಿ ಒಳಗಿನ ನೀರಿನ ಒತ್ತಡವೇ ರಬ್ಬರ್ ವಾಷರನ್ನು ಒತ್ತಿಹಿಡಿದು ಸೋರದಂತೆ ಮಾಡುತ್ತದೆ. 63 ಮಿ.ಮೀ.ನ ಇದೇ ಬಗೆಯ ಜೋಡಣೆಯನ್ನು ಭಾರತೀಯ ಮಾನಕವೂ ಅಳವಡಿಸಿಕೊಂಡಿದೆ. ನಮ್ಮ ಠಾಣೆಗಳಲ್ಲಿ ನೀವು ಅದನ್ನು ಕಾಣಬಹುದು.

ತರಗತಿಯಲ್ಲಿ ಮಾಡಿ ನೋಡಿ

ಚಾವಣಿಯ ತೊಟ್ಟಿಯಿಂದ ಬರುವ ನಲ್ಲಿಗೆ 10 ಮೀಟರ್ ಉದ್ದದ ತೋಟದ ಪೈಪು ಸಿಕ್ಕಿಸಿ, 10 ಲೀಟರಿನ ಬಕೆಟ್ ತುಂಬಲು ಹಿಡಿಯುವ ಕಾಲವನ್ನು ಗುರುತಿಸಿಕೊಳ್ಳಿ. ಅದೇ ವ್ಯಾಸದ 20 ಮೀಟರ್ ಪೈಪಿನಿಂದ ಪ್ರಯೋಗವನ್ನು ಪುನರಾವರ್ತಿಸಿ. ಒತ್ತಡದ ನಷ್ಟವೆಲ್ಲ ಪೈಪಿನಲ್ಲೇ ಆದರೆ ಕಾಲ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು ಹೆಚ್ಚಬೇಕು. ನಲ್ಲಿಯ ಅಡಚಣೆಯೂ ಇರುವುದರಿಂದ ಇದಕ್ಕಿಂತ ತುಸು ಕಡಿಮೆ ಬರಬಹುದು. ಏಕೆಂದು ವಿದ್ಯಾರ್ಥಿಗಳೇ ಚರ್ಚಿಸಲಿ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿನ ಬೆಂಕಿಯನ್ನು ಆರಿಸಲು ಹೋಗಿ ಅರವತ್ತಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ನೆನಪಿನಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗ ನಿಮ್ಮ ತಾಲ್ಲೂಕಿನ ಠಾಣೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ. ವಾಹನವನ್ನು ನೋಡಿ ಬಂದರೆ ಸಾಲದು, ಈ ನಾಲ್ಕು ಪ್ರಶ್ನೆಗಳನ್ನು ಅವರೇ ಕೇಳಲಿ. ಹಾಗೆಯೇ ನಿಮ್ಮ ಶಾಲೆಯಿಂದ ಅತಿ ಸಮೀಪದ ನೀರಿನ ಆಸರೆ ಎಲ್ಲಿದೆ, ಎಷ್ಟು ಮೀಟರ್ ದೂರ ಎಂಬುದನ್ನು ಅಳೆದು ಗೋಡೆಯ ಮೇಲೆ ಬರೆದಿಡಿ.